ಮಾದಾಮ್ ಕ್ಯೂರಿ ಮತ್ತು ರೇಡಿಯಂ ಜಲ

— ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ

ಮಾದಾಮ್ ಕ್ಯೂರಿಯ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ರೇಡಿಯಂ ಎಂಬ ಧಾತುವನ್ನು ಕಂಡುಹಿಡಿದವಳು, ಎರಡು ಸಲ ನೊಬೆಲ್ ಪಾರಿತೋಷಕ ಪಡೆದವಳು ಎಂದು ಶಾಲೆಯ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. ಪರೀಕ್ಷೆಯಲ್ಲಿ ಬರೆದು ಗುಣಗಳನ್ನೂ ಪಡೆದಿದ್ದೇವೆ. ಆದರೆ ಆ ರೇಡಿಯಂನಿಂದ ಹುಟ್ಟುವ ಒಂದು ಅನಿಲವಿದೆಯೆಂಬುದೂ, ಆ ಅನಿಲ ಬೆರೆತ ನೀರಿನಲ್ಲಿ ಮಿಂದರೆ ಕೀಲುನೋವು ಕಳೆಯುವುದೆಂದು ನಂಬಿ ಯುರೋಪಿನ ಜನರು ನೂರು ವರ್ಷಗಳಿಗೂ ಮಿಕ್ಕಿ ಕೆಲವು ಊರುಗಳಿಗೆ ಯಾತ್ರೆಯಂತೆ ಹೋಗುತ್ತಿದ್ದಾರೆಂಬುದೂ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಕಲಾ ವಿಭಾಗದ ವಿದ್ಯಾರ್ಥಿನಿಯಾದ ನಾನು ವಿಜ್ಞಾನದ ಆಳವನ್ನು ಹೊಕ್ಕು ನೋಡಲಾರೆ. ಆದರೂ ಆ ಮಹಾತಾಯಿಯ ಜೀವನಚರಿತ್ರೆಯನ್ನೂ, ಆಕೆಯ ಬದುಕಿನೊಡನೆ ಹೆಣೆದುಕೊಂಡ ಈ ನೀರಿನ ಕಥೆಯನ್ನೂ ಸಹಪಾಠಿಗಳ ಮುಂದೆ ಇಡಬೇಕೆಂಬ ಆಸೆಯಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ಮಾರಿಯಾ ಸ್ಕ್ಲೊಡೋವ್‌ಸ್ಕಾ ಹುಟ್ಟಿದ್ದು 1867ನೆಯ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗ ಪೋಲೆಂಡು ಸ್ವತಂತ್ರ ದೇಶವಾಗಿರಲಿಲ್ಲ. ವಾರ್ಸಾ ರಷ್ಯದ ಝಾರನ ಆಳ್ವಿಕೆಗೆ ಒಳಪಟ್ಟಿತ್ತು. ಶಾಲೆಗಳಲ್ಲಿ ಮಕ್ಕಳು ತಮ್ಮ ತಾಯ್ನುಡಿಯನ್ನು ಬಿಟ್ಟು ರಷ್ಯನ್ ಭಾಷೆಯಲ್ಲಿ ಕಲಿಯಬೇಕಾಗಿತ್ತು. ತಂದೆ ಭೌತವಿಜ್ಞಾನ ಮತ್ತು ಗಣಿತದ ಉಪಾಧ್ಯಾಯ. ತಾಯಿಯೂ ಒಂದು ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದವಳು. ಐದು ಮಕ್ಕಳಲ್ಲಿ ಮಾರಿಯಾಳೇ ಕಿರಿಯವಳು. ಹಿರಿಯ ಅಕ್ಕ ವಿಷಮಜ್ವರದ ಬೇನೆಯಿಂದ ತೀರಿಕೊಂಡಳು. ಎರಡೇ ವರ್ಷಗಳಲ್ಲಿ, 1878ರಲ್ಲಿ, ತಾಯಿಯೂ ಕ್ಷಯರೋಗದಿಂದ ಕಣ್ಮುಚ್ಚಿದಳು. ಆಗ ಮಾರಿಯಾಳಿಗೆ ಹತ್ತೇ ವರ್ಷ. ದುಃಖವನ್ನೆಲ್ಲ ಓದಿನಲ್ಲಿ ಮರೆತ ಆ ಹುಡುಗಿ 1883ರಲ್ಲಿ ಪ್ರೌಢಶಿಕ್ಷಣವನ್ನು ಚಿನ್ನದ ಪದಕದೊಂದಿಗೆ ಮುಗಿಸಿದಳು.

ಮುಂದೇನು? ವಾರ್ಸಾದ ವಿಶ್ವವಿದ್ಯಾಲಯದ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಪ್ಯಾರಿಸ್ಸಿಗೆ ಹೋಗಿ ಓದಲು ತಂದೆಯ ಕೈಯಲ್ಲಿ ಹಣವಿರಲಿಲ್ಲ. ಆಗ ಮಾರಿಯಾ ಮತ್ತು ಆಕೆಯ ಅಕ್ಕ ಬ್ರೋನ್ಯಾ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್ಸಿಗೆ ಹೋಗಿ ವೈದ್ಯಶಾಸ್ತ್ರ ಓದುವುದು, ತಂಗಿ ದುಡಿದು ಆಕೆಗೆ ಹಣ ಕಳಿಸುವುದು. ಅಕ್ಕ ಒಂದು ನೆಲೆ ಕಂಡಮೇಲೆ ತಂಗಿಯನ್ನು ಕರೆಸಿಕೊಳ್ಳುವುದು. ಈ ಮಾತನ್ನು ಉಳಿಸಲು ಮಾರಿಯಾ ಹದಿನೆಂಟನೆಯ ವಯಸ್ಸಿನಲ್ಲೇ ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ಸ್ಟ್ಸುಕಿ ಎಂಬ ಹಳ್ಳಿಯಲ್ಲಿ ಮೂರು ವರ್ಷಗಳ ಕಾಲ ಹಾಗೆ ದುಡಿದಳು. ಹಗಲೆಲ್ಲ ಒಡೆಯರ ಮಕ್ಕಳಿಗೆ ಪಾಠ. ಬಿಡುವಾದಾಗ ಆ ಹಳ್ಳಿಯ ರೈತಮಕ್ಕಳನ್ನು ಕೂಡಿಸಿಕೊಂಡು ಪೋಲಿಷ್ ಭಾಷೆಯಲ್ಲಿ ಅಕ್ಷರ ಕಲಿಸುವುದು. ಇದು ಸರಕಾರದ ದೃಷ್ಟಿಯಲ್ಲಿ ಅಪರಾಧ; ಸಿಕ್ಕಿಬಿದ್ದಿದ್ದರೆ ಶಿಕ್ಷೆ ತಪ್ಪುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಬಳಿಕ ತನ್ನ ಗಣಿತ, ಭೌತವಿಜ್ಞಾನದ ಓದು. ಮನೆಯಲ್ಲಿ ಒಬ್ಬರ ಓದಿಗಾಗಿ ಇನ್ನೊಬ್ಬರು ಶಾಲೆ ಬಿಡುವುದು, ಅಣ್ಣನ ಫೀಗಾಗಿ ತಂಗಿ ಕಂಡಿಕೆ ಸುತ್ತುತ್ತ ಕೂಡುವುದು ನಮ್ಮ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಹೊಸ ಮಾತಲ್ಲ. ಆದರೆ ಬಿಟ್ಟವರಿಗೆ ತಿರುಗಿ ಸರದಿ ಬರುವುದು ಅಪರೂಪ. ಮಾರಿಯಾಳಿಗೆ ಆ ಸರದಿ ಬಂದಿತು. ಅಕ್ಕ ಮಾತು ತಪ್ಪಲಿಲ್ಲ.

1891ರ ನವೆಂಬರಿನಲ್ಲಿ ಆಕೆ ಪ್ಯಾರಿಸ್ಸಿನ ಸೋರ್ಬೋನ್ ವಿಶ್ವವಿದ್ಯಾಲಯವನ್ನು ಸೇರಿ, ಹೆಸರನ್ನು ಫ್ರೆಂಚರ ರೀತಿಯಲ್ಲಿ ಮೇರಿ ಎಂದು ಬರೆಸಿದಳು. ಮೊದಲು ಅಕ್ಕನ ಮನೆಯಲ್ಲಿದ್ದು, ಆಮೇಲೆ ವಿಶ್ವವಿದ್ಯಾಲಯದ ಸಮೀಪದಲ್ಲಿ ಮಾಳಿಗೆಯ ಮೇಲಿನ ಸಣ್ಣ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಳು. ಚಳಿಗಾಲದಲ್ಲಿ ಬಟ್ಟಲಿನ ನೀರು ಹೆಪ್ಪುಗಟ್ಟುತ್ತಿತ್ತು. ರೊಟ್ಟಿ, ಚಹ, ಒಂದಿಷ್ಟು ಹಣ್ಣು ಇವೇ ಅನೇಕ ದಿನಗಳ ಊಟ. ಹಸಿವಿನಿಂದ ಒಮ್ಮೆ ಮೂರ್ಛೆ ಹೋದದ್ದೂ ಉಂಟು. ಫ್ರೆಂಚ್ ಭಾಷೆಯೂ ಮೊದಮೊದಲು ಆಕೆಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ 1893ರಲ್ಲಿ ಭೌತವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಮೊದಲನೆಯವಳಾಗಿಯೂ, 1894ರಲ್ಲಿ ಗಣಿತದಲ್ಲಿ ಎರಡನೆಯವಳಾಗಿಯೂ ತೇರ್ಗಡೆಯಾದಳು. ಈ ನಡುವೆ ಪೋಲೆಂಡಿನಿಂದ ಆಕೆಗೆ 600 ರೂಬಲ್ಲುಗಳ ವಿದ್ಯಾರ್ಥಿವೇತನ ದೊರೆತಿತ್ತು. ಮುಂದೆ ಸಂಪಾದನೆ ಆರಂಭವಾದೊಡನೆ ಆ ಹಣವನ್ನು ಆಕೆ ಹಿಂದಿರುಗಿಸಿದಳು. ಹಾಗೆ ಹಿಂದಿರುಗಿಸಬೇಕೆಂಬ ನಿಯಮವೇನೂ ಇರಲಿಲ್ಲ. ತನ್ನಂಥ ಇನ್ನೊಬ್ಬ ಬಡ ವಿದ್ಯಾರ್ಥಿಗೆ ಅದು ಸಿಗಲಿ ಎಂಬುದಷ್ಟೇ ಉದ್ದೇಶ.

1895ನೆಯ ಜುಲೈ 26ರಂದು ಮೇರಿ ಭೌತವಿಜ್ಞಾನಿ ಪಿಯೇರ್ ಕ್ಯೂರಿಯನ್ನು ಮದುವೆಯಾದಳು. ಕಾಣಿಕೆಯಾಗಿ ಬಂದ ಹಣದಿಂದ ಎರಡು ಸೈಕಲ್ಲು ಕೊಂಡು ದಂಪತಿಗಳು ಹಳ್ಳಿಗಾಡನ್ನು ಸುತ್ತಿ ಬಂದರು. 1897ರಲ್ಲಿ ಹಿರಿಯ ಮಗಳು ಐರೀನ್ ಹುಟ್ಟಿದಳು. ಡಾಕ್ಟರೇಟಿಗಾಗಿ ಮೇರಿ ವಿಷಯವೊಂದನ್ನು ಅರಸುತ್ತಿದ್ದ ಕಾಲ ಅದು. ಹಿಂದಿನ ವರ್ಷ, 1896ರಲ್ಲಿ, ಹೆನ್ರಿ ಬೆಕೆರೆಲ್ ಎಂಬ ವಿಜ್ಞಾನಿ ಯುರೇನಿಯಂ ಲವಣಗಳಿಂದ ಕಣ್ಣಿಗೆ ಕಾಣದ ಕಿರಣಗಳು ತಾವಾಗಿಯೇ ಹೊರಡುತ್ತವೆಂದು ತೋರಿಸಿದ್ದನು. ಈ ಕಿರಣಗಳ ಮೂಲವೇನೆಂಬುದನ್ನು ಹುಡುಕಲು ಮೇರಿ ನಿಶ್ಚಯಿಸಿದಳು. ಪಿಯೇರನೂ ಅವನ ಅಣ್ಣನೂ ಹಿಂದೆ ರಚಿಸಿದ್ದ ಸೂಕ್ಷ್ಮವಾದ ವಿದ್ಯುನ್ಮಾಪಕವು ಆಕೆಯ ಕೈಗೆ ಒದಗಿತು. ಅಳೆಯುತ್ತ ಹೋದಂತೆ ಒಂದು ವಿಚಿತ್ರ ಸಂಗತಿ ಕಾಣಿಸಿತು. ಪಿಚ್‌ಬ್ಲೆಂಡ್ ಎಂಬ ಅದಿರಿನಲ್ಲಿ ಇರುವ ಯುರೇನಿಯಂಗಿಂತ ಆ ಅದಿರು ಹೊರಸೂಸುವ ಕಿರಣವೇ ಹೆಚ್ಚಾಗಿತ್ತು! ಹಾಗಾದರೆ ಅದರೊಳಗೆ ಯಾರೂ ಅರಿಯದ ಬೇರೆ ಧಾತು ಅಡಗಿರಲೇಬೇಕು. ಪಿಯೇರನು ತನ್ನ ಸಂಶೋಧನೆಯನ್ನು ಬದಿಗಿಟ್ಟು ಹೆಂಡತಿಯ ಕೆಲಸದಲ್ಲಿ ಕೈಗೂಡಿಸಿದನು. 1898ರ ಜುಲೈಯಲ್ಲಿ ಒಂದು ಹೊಸ ಧಾತು ಸಿಕ್ಕಿತು. ಸ್ವಾತಂತ್ರ್ಯವಿಲ್ಲದ ತನ್ನ ತಾಯ್ನಾಡಿನ ನೆನಪಿಗಾಗಿ ಮೇರಿ ಅದಕ್ಕೆ ಪೊಲೋನಿಯಂ ಎಂದು ಹೆಸರಿಟ್ಟಳು. ಅದೇ ಡಿಸೆಂಬರ್ 26ರಂದು ಎರಡನೆಯ ಧಾತುವನ್ನು ಪ್ರಕಟಿಸಿದರು. ಅದೇ ರೇಡಿಯಂ.

ಪ್ರಕಟಿಸಿದರೇನೋ ಸರಿ, ಕಣ್ಣಿಗೆ ತೋರಿಸಬೇಡವೇ? ಅದಕ್ಕೆ ರಾಶಿರಾಶಿ ಅದಿರು ಬೇಕು. ಅದಿರಿಗೆ ಹಣ ಬೇಕು. ಇಲ್ಲಿಯೇ ನಮ್ಮ ಕಥೆಯೊಳಗೆ ಒಂದು ಊರು ಬರುತ್ತದೆ. ಬೊಹೀಮಿಯದ ಬೆಟ್ಟಗಳಲ್ಲಿ ಯೋಆಖಿಮ್ಸ್‌ಟಾಲ್ ಎಂಬ ಗಣಿಯ ಊರು. ಹದಿನಾರನೆಯ ಶತಮಾನದಲ್ಲಿ ಅಲ್ಲಿ ಬೆಳ್ಳಿ ಸಿಗುತ್ತಿತ್ತು. ಆ ಬೆಳ್ಳಿಯಿಂದ ಟಂಕಿಸಿದ ನಾಣ್ಯಕ್ಕೆ ಊರಿನ ಹೆಸರಿನಿಂದ ಟಾಲರ್ ಎಂದರು. ಇಂದಿನ ಡಾಲರ್ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ಬೆಳ್ಳಿ ತೀರಿದ ಬಳಿಕ ಅಲ್ಲಿಯ ಪಿಚ್‌ಬ್ಲೆಂಡಿನಿಂದ ಯುರೇನಿಯಂ ತೆಗೆದು ಗಾಜಿಗೆ ಬಣ್ಣ ಕೊಡಲು ಉಪಯೋಗಿಸುತ್ತಿದ್ದರು. ಉಳಿದ ಚರಟವನ್ನು ಕಾಡಿನ ಅಂಚಿನಲ್ಲಿ ಸುರಿಯುತ್ತಿದ್ದರು. ಆ ಚರಟದಲ್ಲಿಯೇ ರೇಡಿಯಂ ಉಳಿದಿರಬೇಕೆಂದು ಕ್ಯೂರಿ ದಂಪತಿಗಳು ಊಹಿಸಿದರು. ಆಗ ಆ ಸೀಮೆಯನ್ನಾಳುತ್ತಿದ್ದ ಆಸ್ಟ್ರಿಯ ಸರಕಾರವು ಮೊದಲಿಗೆ ಒಂದು ಟನ್ ಚರಟವನ್ನು ಪುಕ್ಕಟೆಯಾಗಿ ಕೊಟ್ಟಿತು. ಪೈನ್ ಮರದ ಎಲೆಗಳು ಬೆರೆತ ಕಂದು ಮಣ್ಣಿನ ಚೀಲಗಳು ಪ್ಯಾರಿಸ್ಸಿಗೆ ಬಂದಿಳಿದವು. ಪರರು ಕಸವೆಂದು ಬಿಸುಟದ್ದು ಈಕೆಗೆ ಕಡವರವಾಯಿತು.

ಪ್ರಯೋಗಶಾಲೆ ಎಂದರೆ ಅದು ಒಂದು ಹಾಳುಬಿದ್ದ ಕೊಟ್ಟಿಗೆ. ಮೇಲೆ ಸೋರುವ ಗಾಜಿನ ಮಾಡು; ಬೇಸಿಗೆಯಲ್ಲಿ ಕಾವು, ಚಳಿಗಾಲದಲ್ಲಿ ಕೊರೆತ. ಒಂದೊಂದು ಸಲಕ್ಕೆ ಇಪ್ಪತ್ತು ಕಿಲೋಗ್ರಾಂ ವಸ್ತುವನ್ನು ಬೀಡಿನ ಕೊಪ್ಪರಿಗೆಗಳಲ್ಲಿ ಕುದಿಸುತ್ತ, ತನ್ನ ಎತ್ತರದಷ್ಟೇ ಉದ್ದದ ಕಬ್ಬಿಣದ ಸಲಾಕೆಯಿಂದ ದಿನವಿಡೀ ತಿರುವುತ್ತ ಮೇರಿ ನಿಲ್ಲುತ್ತಿದ್ದಳು. ನಮ್ಮ ಕಡೆ ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವವರು ಕೊಪ್ಪರಿಗೆಯ ಮುಂದೆ ನಿಂತು ಬೆವರುವುದನ್ನು ಕಂಡವರಿಗೆ ಆ ಶ್ರಮದ ಕಲ್ಪನೆ ಬಂದೀತು. ಆದರೆ ಬೆಲ್ಲ ಒಂದು ಹೊತ್ತಿನಲ್ಲಿ ಇಳಿಯುತ್ತದೆ. ಮೇರಿಯ ಅಡಿಗೆ ನಾಲ್ಕು ವರ್ಷ ಕುದಿಯಿತು. ಕೊನೆಗೆ 1902ರಲ್ಲಿ ಟನ್ನುಗಟ್ಟಲೆ ಚರಟದಿಂದ ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ಶುದ್ಧ ರೇಡಿಯಂ ಲವಣ ಕೈಸೇರಿತು. ರಾತ್ರಿಯ ಹೊತ್ತು ಗಂಡಹೆಂಡಿರು ಆ ಕೊಟ್ಟಿಗೆಗೆ ಹೋಗಿ, ದೀಪ ಹಚ್ಚದೆ, ಕತ್ತಲಲ್ಲಿ ಮಿಣುಕುವ ಗಾಜಿನ ನಳಿಗೆಗಳನ್ನು ನೋಡುತ್ತ ಕೂಡುತ್ತಿದ್ದರು. 1903ರಲ್ಲಿ ಮೇರಿಗೆ ಡಾಕ್ಟರೇಟ್ ಬಂದಿತು. ಅದೇ ವರ್ಷ ಬೆಕೆರೆಲ್ ಮತ್ತು ಕ್ಯೂರಿ ದಂಪತಿಗಳಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಲಾಯಿತು.

ಆಗಲೇ ರೇಡಿಯಂ ವೈದ್ಯರ ಕಣ್ಣಿಗೂ ಬಿದ್ದಿತ್ತು. ಪಿಯೇರನು ತನ್ನ ತೋಳಿಗೇ ರೇಡಿಯಂ ಕಟ್ಟಿಕೊಂಡು ಪರೀಕ್ಷಿಸಿದ್ದನು. ಚರ್ಮ ಸುಟ್ಟು ಹುಣ್ಣಾಗಿ, ಮಾಯಲು ವಾರಗಳೇ ಬೇಕಾದವು. ಜೀವಂತ ಚರ್ಮವನ್ನು ಸುಡಬಲ್ಲ ವಸ್ತು ರೋಗದ ಗಂಟನ್ನೂ ಸುಡಬಲ್ಲದಲ್ಲವೇ? ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಡಾಂಲೋಸ್ ಎಂಬ ವೈದ್ಯನು ಚರ್ಮರೋಗಗಳ ಮೇಲೆ ಅದನ್ನು ಪ್ರಯೋಗಿಸಿದನು. ಅರ್ಬುದರೋಗಕ್ಕೆ ಕಿರಣಚಿಕಿತ್ಸೆ ಬೆಳೆದದ್ದು ಈ ಬೀಜದಿಂದ. ರೇಡಿಯಂ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರೆ ದಂಪತಿಗಳು ಕೋಟ್ಯಧೀಶರಾಗಬಹುದಿತ್ತು. ವಿಜ್ಞಾನದ ಸ್ವಭಾವಕ್ಕೆ ಅದು ಒಗ್ಗದೆಂದು ಬಗೆದು, ಕೇಳಿದವರಿಗೆಲ್ಲ ವಿಧಾನವನ್ನು ಬಿಚ್ಚಿ ಹೇಳಿದರು.

ಇನ್ನು ಆ ಅನಿಲದ ಮಾತು. ರೇಡಿಯಂ ತಾನಾಗಿ ಸವೆಯುತ್ತ ಒಂದು ಅನಿಲವನ್ನು ಹೊರಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. 1900ರಲ್ಲಿ ಜರ್ಮನಿಯ ಡೋರ್ನ್ ಎಂಬವನು ಇದನ್ನು ಗುರುತಿಸಿದನು. ಇಂದು ಅದನ್ನು ರೇಡಾನ್ ಎನ್ನುತ್ತಾರೆ. ಅದರ ಆಯುಷ್ಯ ಬಹಳ ಕಡಿಮೆ, ಸುಮಾರು 3.8 ದಿನಗಳಲ್ಲಿ ಅದರ ಅರ್ಧ ಭಾಗ ಕರಗಿ ಬೇರೆ ಧಾತುಗಳಾಗಿ ಮಾರ್ಪಡುತ್ತದೆ. ಆ ಧಾತುಗಳಲ್ಲಿ ಪೊಲೋನಿಯಂ ಕೂಡ ಒಂದು. ನೆಲದೊಳಗಿನ ಬಂಡೆಗಳಲ್ಲಿ ಯುರೇನಿಯಂ ಇರುವಲ್ಲೆಲ್ಲ ರೇಡಿಯಂ ಉಂಟು, ರೇಡಿಯಂ ಇರುವಲ್ಲೆಲ್ಲ ರೇಡಾನ್ ಉಂಟು. ಬಂಡೆಯ ಬಿರುಕಿನಲ್ಲಿ ಹರಿಯುವ ನೀರು ಅದನ್ನು ಕರಗಿಸಿಕೊಂಡು ಬುಗ್ಗೆಯಾಗಿ ಮೇಲೆ ಬರುತ್ತದೆ. 1903ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ನನು ಬಾವಿಯ ನೀರಿನಲ್ಲಿ ಈ ಗುಣವನ್ನು ಕಂಡನು. ಮರುವರ್ಷ ಪಿಯೇರ್ ಕ್ಯೂರಿಯು ಲಾಬೋರ್ಡ್ ಎಂಬ ಸಹೋದ್ಯೋಗಿಯೊಡನೆ ಬಿಸಿನೀರಿನ ಬುಗ್ಗೆಗಳ ಅನಿಲಗಳನ್ನು ಪರೀಕ್ಷಿಸಿ, ಅವುಗಳಲ್ಲಿಯೂ ರೇಡಿಯಂನ ಈ ಅನಿಲವಿದೆಯೆಂದು ತೋರಿಸಿದನು.

ಈ ಸುದ್ದಿ ಹಬ್ಬಿದೊಡನೆ ಯುರೋಪಿನ ಸ್ನಾನಕ್ಷೇತ್ರಗಳಿಗೆ ಹೊಸ ಕಳೆ ಬಂದಿತು. ಆಸ್ಟ್ರಿಯದ ಗಾಸ್ಟೈನ್ ಮೊದಲಾದ ಕಡೆಗಳಲ್ಲಿ ಶತಮಾನಗಳಿಂದ ಜನ ಬಿಸಿನೀರಿನಲ್ಲಿ ಮೀಯುತ್ತಿದ್ದರು. ವಾಸಿಯಾಗುತ್ತದೆ ಎನ್ನುತ್ತಿದ್ದರು, ಏಕೆಂದು ಯಾರಿಗೂ ಗೊತ್ತಿರಲಿಲ್ಲ. ಈಗ ಕಾರಣ ಸಿಕ್ಕಿತೆಂದು ಎಲ್ಲರೂ ನಂಬಿದರು. 1906ರಲ್ಲಿ ಯೋಆಖಿಮ್ಸ್‌ಟಾಲಿನಲ್ಲಿಯೇ ಗಣಿಯ ನೀರಿನ ಸ್ನಾನಚಿಕಿತ್ಸೆ ಆರಂಭವಾಯಿತು. 1912ರಲ್ಲಿ ಅಲ್ಲಿ ರೇಡಿಯಂ ಪ್ಯಾಲೇಸ್ ಎಂಬ ಭವ್ಯವಾದ ಹೋಟೆಲು ತಲೆಯೆತ್ತಿತು. ಮೊಣಕಾಲು ಹಿಡಿದ ಸಿರಿವಂತರು, ಬೆನ್ನು ಬಾಗಿದ ಅಧಿಕಾರಿಗಳು ಅಲ್ಲಿಗೆ ಬಂದು ಇಳಿದರು.

ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಮೇಲೆ ಯಾವ ನೀರಿನಲ್ಲಿ ಮಿಂದು ಸಿರಿವಂತರು ಆರೋಗ್ಯ ಅರಸುತ್ತಿದ್ದರೋ, ಕೆಳಗೆ ಅದೇ ಗಣಿಯ ಗಾಳಿಯಲ್ಲಿ ಕೂಲಿಗಳು ಕೆಮ್ಮಿ ಕೆಮ್ಮಿ ಸಾಯುತ್ತಿದ್ದರು. ಆ ಬೆಟ್ಟಗಳ ಗಣಿಕೆಲಸಗಾರರಿಗೆ ಎದೆಯ ಬೇನೆಯೊಂದು ತಲೆತಲಾಂತರದಿಂದ ಅಂಟಿಕೊಂಡು ಬಂದಿತ್ತು. ಬೆಟ್ಟದ ಆಚೆ ಬದಿಯ ಷ್ನೀಬರ್ಗಿನ ಕೂಲಿಗಳಲ್ಲಿ ಅದು ಎದೆಯೊಳಗಿನ ಅರ್ಬುದವೆಂದು 1879ರಲ್ಲಿಯೇ ಇಬ್ಬರು ವೈದ್ಯರು ಬರೆದಿದ್ದರು. ಅದಕ್ಕೆ ರೇಡಾನ್ ಕಾರಣವೆಂಬುದು ಖಚಿತವಾಗಲು ಮುಂದೆ ಹಲವು ದಶಕಗಳೇ ಹಿಡಿದವು. ಎಚ್ಚರಿಕೆ ಇರಲಿಲ್ಲವೆಂದಲ್ಲ. 1904ರಲ್ಲಿ ಪಿಯೇರನೇ ಇಬ್ಬರು ವೈದ್ಯರೊಡನೆ ಸೇರಿ ಇಲಿ ಮತ್ತು ಗಿನಿಹಂದಿಗಳನ್ನು ಈ ಅನಿಲದಲ್ಲಿ ಇರಿಸಿ ನೋಡಿದ್ದನು. ಅನಿಲ ಹೆಚ್ಚಾದಾಗ ಅವು ಉಸಿರು ಕಟ್ಟಿ ಸತ್ತವು. ಕೊಯ್ದು ನೋಡಿದರೆ ಪುಪ್ಪುಸಗಳಲ್ಲಿ ರಕ್ತ ಕಟ್ಟಿತ್ತು. ಈ ವರದಿ ಅಚ್ಚಾಯಿತು. ಸ್ನಾನಗೃಹಗಳ ಬಾಗಿಲುಗಳೇನೂ ಮುಚ್ಚಲಿಲ್ಲ.

1906ನೆಯ ಏಪ್ರಿಲ್ 19ರಂದು, ಮಳೆ ಹನಿಯುತ್ತಿದ್ದ ಮಧ್ಯಾಹ್ನ, ಬೀದಿ ದಾಟುತ್ತಿದ್ದ ಪಿಯೇರನು ಕುದುರೆಗಾಡಿಯ ಗಾಲಿಗೆ ಸಿಕ್ಕಿ ತೀರಿಕೊಂಡನು. ಕಿರಿಯ ಮಗಳು ಈವ್ ಆಗ ಎರಡು ವರ್ಷವೂ ತುಂಬದ ಕೂಸು. ಸರಕಾರ ಕೊಡಲು ಬಂದ ಪಿಂಚಣಿಯನ್ನು ಮೇರಿ ಒಲ್ಲೆನೆಂದಳು; ದುಡಿದು ಮಕ್ಕಳನ್ನು ಸಾಕಬಲ್ಲೆನೆಂಬ ಛಲ. ಸೋರ್ಬೋನ್ ಗಂಡನ ಪೀಠವನ್ನು ಆಕೆಗೆ ಕೊಟ್ಟಿತು. ಅಲ್ಲಿ ಪಾಠ ಹೇಳಿದ ಮೊದಲ ಹೆಂಗಸು ಆಕೆ. ಪಿಯೇರನು ಎಲ್ಲಿ ಪಾಠ ನಿಲ್ಲಿಸಿದ್ದನೋ ಅಲ್ಲಿಂದಲೇ, ಪೀಠಿಕೆಯ ಮಾತೊಂದನ್ನೂ ಆಡದೆ, ಆಕೆ ಪಾಠ ಮುಂದುವರಿಸಿದಳು. 1910ರಲ್ಲಿ ಬ್ರಸೆಲ್ಸಿನಲ್ಲಿ ಕೂಡಿದ ವಿಜ್ಞಾನಿಗಳು ರೇಡಾನ್ ಅಳೆಯುವ ಮಾನಕ್ಕೆ ಕ್ಯೂರಿ ಎಂದು ಹೆಸರಿಟ್ಟರು. ಒಂದು ಗ್ರಾಂ ರೇಡಿಯಂನೊಡನೆ ಸಮತೋಲದಲ್ಲಿರುವಷ್ಟು ರೇಡಾನ್ ಎಂದರೆ ಒಂದು ಕ್ಯೂರಿ. ಜಗತ್ತಿಗೆಲ್ಲ ಅಳತೆಗೋಲಾಗಬೇಕಾದ ಸುಮಾರು 22 ಮಿಲಿಗ್ರಾಂ ರೇಡಿಯಂ ಲವಣವನ್ನು ಮೇರಿಯೇ ಸ್ವತಃ ತಯಾರಿಸಿದಳು. 1911ರ ಜನವರಿಯಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಅತ್ಯಲ್ಪ ಮತಗಳ ಅಂತರದಿಂದ ಆಕೆಯನ್ನು ಸೋಲಿಸಿತು. ಆ ವರ್ಷ ಮುಗಿಯುವುದರೊಳಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಆಕೆಯೊಬ್ಬಳಿಗೇ ಬಂದಿತು. ಅಕಾಡೆಮಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ.

1914ರಲ್ಲಿ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯ ಕಟ್ಟಡ ಮುಗಿಯುತ್ತಿದ್ದಂತೆಯೇ ಮಹಾಯುದ್ಧ ಆರಂಭವಾಯಿತು. ಮೇರಿ ದೇಶದ ರೇಡಿಯಂ ಅನ್ನೆಲ್ಲ ಸೀಸದ ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲಿನಲ್ಲಿ ಬೋರ್ಡೋ ನಗರಕ್ಕೆ ಮುಟ್ಟಿಸಿ, ಪ್ಯಾರಿಸ್ಸಿಗೆ ಹಿಂದಿರುಗಿದಳು. ಎಕ್ಸ್‌ರೇ ಯಂತ್ರಗಳನ್ನು ಮೋಟಾರುಗಳಲ್ಲಿ ಹೂಡಿ ರಣರಂಗದ ಬೆನ್ನಿಗೇ ಒಯ್ದಳು. ಅಂಥ ಸುಮಾರು ಇಪ್ಪತ್ತು ಗಾಡಿಗಳನ್ನೂ, ಆಸ್ಪತ್ರೆಗಳಲ್ಲಿ ಸುಮಾರು ಇನ್ನೂರು ಎಕ್ಸ್‌ರೇ ಕೋಣೆಗಳನ್ನೂ ಸಜ್ಜುಗೊಳಿಸಿದಳು. ತಾನೇ ಗಾಡಿ ನಡೆಸಲು ಕಲಿತಳು. ಹದಿಹರೆಯದ ಐರೀನಳನ್ನೂ ಜೊತೆಗೆ ಕರೆದೊಯ್ದಳು. ಈ ಕಾಲದಲ್ಲಿಯೇ ಆಕೆ ರೇಡಾನನ್ನು ಚಿಕಿತ್ಸೆಗೆ ಸರಿಯಾದ ದಾರಿಯಲ್ಲಿ ಹಚ್ಚಿದಳು. ಸಂಸ್ಥೆಯ ಒಂದು ಗ್ರಾಂ ರೇಡಿಯಂನಿಂದ ಹೊರಡುವ ಅನಿಲವನ್ನು ದಿನವೂ ಹಿಂಡಿ ತೆಗೆದು, ಕೂದಲಿನಂಥ ಗಾಜಿನ ನಳಿಗೆಗಳಲ್ಲಿ ತುಂಬಿ ಮುಚ್ಚಿ ಆಸ್ಪತ್ರೆಗಳಿಗೆ ಕಳಿಸುವ ಏರ್ಪಾಡು ಅದು. ಹಸುವಿನ ಹಾಲು ಕರೆದಂತೆ. ಹಸು ಮನೆಯಲ್ಲೇ ಉಳಿಯುತ್ತದೆ, ಹಾಲು ಮಾತ್ರ ಹೊರಗೆ ಹೋಗುತ್ತದೆ. ಮಾಯದ ಗಾಯಗಳಿಗೂ ಗಂಟುಗಳಿಗೂ ವೈದ್ಯರು ಆ ನಳಿಗೆಗಳನ್ನು ಸೂಜಿಗಳಲ್ಲಿಟ್ಟು, ಬೇಕಾದ ಜಾಗಕ್ಕೆ, ಬೇಕಾದಷ್ಟೇ ಹೊತ್ತು ಚುಚ್ಚಿ ಇಡುತ್ತಿದ್ದರು. ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದದ್ದರಿಂದಲೇ ಅದು ಔಷಧವಾಯಿತು.

ಯುದ್ಧ ಮುಗಿದಮೇಲೆ, ರೇಡಿಯಂ ಕಂಡುಹಿಡಿದವಳ ಸಂಸ್ಥೆಯಲ್ಲಿಯೇ ಹೊಸ ಪ್ರಯೋಗಗಳಿಗೆ ರೇಡಿಯಂ ಇರಲಿಲ್ಲ! ಅಮೆರಿಕದ ಮಹಿಳೆಯರು ಒಂದು ಲಕ್ಷ ಡಾಲರು ಚಂದಾ ಕೂಡಿಸಿ ಒಂದು ಗ್ರಾಂ ಕೊಂಡರು. 1921ನೆಯ ಮೇ 20ರಂದು ಅಧ್ಯಕ್ಷ ಹಾರ್ಡಿಂಗನು ಅದನ್ನು ಅರ್ಪಿಸಿದನು. ದಾನಪತ್ರವು ತನ್ನ ಹೆಸರಿಗಿರುವುದನ್ನು ಕಂಡು, ತಾನು ಸತ್ತರೆ ಅದು ಮಕ್ಕಳ ಆಸ್ತಿಯಾಗಿಬಿಟ್ಟೀತೆಂದು, ಹಿಂದಿನ ರಾತ್ರಿಯೇ ವಕೀಲನನ್ನು ಕರೆಸಿ ಪ್ರಯೋಗಶಾಲೆಯ ಹೆಸರಿಗೆ ಬರೆಸಿದಳು. ಆಸ್ತಿಯ ಕಾಗದಗಳಿಗಾಗಿ ಅಣ್ಣತಮ್ಮಂದಿರು ಜಮಖಂಡಿಯ ಕೋರ್ಟು ಹತ್ತಿ ಇಳಿಯುವುದನ್ನು ನೋಡಿ ಬೆಳೆದ ನಮಗೆ ಈ ಸಂಗತಿ ಅದ್ಭುತವಾಗಿ ತೋರುತ್ತದೆ. ಮುಂದೆ ಇನ್ನೊಂದು ಗ್ರಾಮಿಗೆಂದು 1929ರಲ್ಲಿ ಅಮೆರಿಕದಿಂದ ಬಂದ ಕಾಣಿಕೆಯನ್ನು ಆಕೆ ತಾಯ್ನಾಡಿಗೆ ಕೊಟ್ಟಳು. 1932ರಲ್ಲಿ ವಾರ್ಸಾದ ರೇಡಿಯಂ ಸಂಸ್ಥೆ ಆರಂಭವಾದಾಗ ಬ್ರೋನ್ಯಾ ಅಕ್ಕನೇ ಅದರ ಆಡಳಿತಕ್ಕೆ ನಿಂತಳು.

1925ರಲ್ಲಿ ಮೇರಿ ಯೋಆಖಿಮ್ಸ್‌ಟಾಲಿಗೆ ಹೋದಳು. ಊರು ಆಗ ಚೆಕೊಸ್ಲೊವಾಕಿಯಕ್ಕೆ ಸೇರಿ ಯಾಖಿಮೋವ್ ಎನಿಸಿತ್ತು. ತನ್ನ ಜೀವನವನ್ನೇ ರೂಪಿಸಿದ ಕಂದು ಮಣ್ಣು ಬಂದದ್ದು ಎಲ್ಲಿಂದ ಎಂಬುದನ್ನು ಆಕೆ ಕಣ್ಣಾರೆ ಕಂಡಳು. ಅಷ್ಟರಲ್ಲಿ ರೇಡಿಯಂ ಎಂಬುದು ವಿಜ್ಞಾನಿಗಳ ಕೈಮೀರಿ ಬಾಜಾರಿಗೆ ಇಳಿದಿತ್ತು. ರೇಡಿಯಂ ಮುಲಾಮು, ರೇಡಿಯಂ ಪುಡಿ, ರೇಡಿಯಂ ಗುಳಿಗೆ ಎಲ್ಲವೂ ಬಂದವು. ಅಮೆರಿಕದಲ್ಲಿ ಒಳಮೈಗೆ ಅದಿರು ಬಳಿದ ಗಡಿಗೆಗಳನ್ನು ಮಾರುತ್ತಿದ್ದರು. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿದರೆ ಸರ್ವರೋಗ ಪರಿಹಾರ! ಅಲ್ಲಿಯ ರೇಡಿತಾರ್ ಎಂಬ ಶೀಸೆಯ ನೀರಿನಲ್ಲಿ ನಿಜವಾಗಿಯೂ ರೇಡಿಯಂ ಇತ್ತು. ಕೆಡುಕಾದದ್ದು ಆ ನಿಜದಿಂದಲೇ. ಎಬೆನ್ ಬೈಯರ್ಸ್ ಎಂಬ ಸಿರಿವಂತನು ಸಾವಿರಕ್ಕೂ ಹೆಚ್ಚು ಶೀಸೆಗಳನ್ನು ಕುಡಿದನು. ಸುಣ್ಣದ ಜಾತಿಯದೇ ಆದ ರೇಡಿಯಂ ಮೂಳೆಗಳಲ್ಲಿ ನೆಲೆಯೂರಿತು. ದವಡೆ ಕಳಚಿ, 1932ರಲ್ಲಿ ಅವನು ಸತ್ತನು. ಗಡಿಯಾರದ ಅಂಕಿಗಳಿಗೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಕೂಲಿಹೆಣ್ಣುಮಕ್ಕಳ ಗತಿಯೂ ಅದೇ ಆಯಿತು. ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳಿರೆಂದು ಅವರಿಗೆ ಕಲಿಸಿದ್ದರು. ಬೈಯರ್ಸನ ಸಾವಿಗೆ ಪತ್ರಿಕೆಗಳೆಲ್ಲ ಮರುಗಿದವು. ಈ ಬಡ ಹುಡುಗಿಯರು ಮಾತ್ರ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಯಿತು.

ಇಲ್ಲಿ ಮಾದಾಮ್ ಕ್ಯೂರಿಯನ್ನು ಕುರಿತು ಒಂದು ಕಠಿಣವಾದ ಮಾತನ್ನು ಆಡದೆ ಗತ್ಯಂತರವಿಲ್ಲ. ಇಷ್ಟೆಲ್ಲ ನಡೆದರೂ ರೇಡಿಯಂನ ಕೆಡುಕನ್ನು ಆಕೆ ಪೂರ್ತಿಯಾಗಿ ಒಪ್ಪಿಕೊಳ್ಳಲು ಹಿಂಜರಿದಳು. ಸಹಾಯಕರಿಗೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿರೆಂದೂ, ಶುದ್ಧ ಗಾಳಿಯಲ್ಲಿ ತಿರುಗಾಡಿರೆಂದೂ ಕಟ್ಟಳೆ ಮಾಡಿದಳು; ಆ ಕಟ್ಟಳೆಯನ್ನು ತನಗೆ ಮಾತ್ರ ಅನ್ವಯಿಸಿಕೊಳ್ಳಲಿಲ್ಲ. ಬೆರಳ ತುದಿಗಳು ಸುಟ್ಟು ಒರಟಾದವು. ಕಣ್ಣುಗಳಿಗೆ ಪೊರೆ ಬಂದು ಮತ್ತೆ ಮತ್ತೆ ಶಸ್ತ್ರಕ್ರಿಯೆಯಾಯಿತು. ಆದರೂ ದಿನಚರಿ ಬದಲಾಗಲಿಲ್ಲ. ತಾನೇ ಹೆತ್ತ ಮಗುವಿನ ದುರ್ಗುಣವನ್ನು ತಾಯಿ ಕೊನೆಗೆ ನಂಬುತ್ತಾಳಲ್ಲವೇ? 1934ನೆಯ ಜುಲೈ 4ರಂದು, 66ನೆಯ ವಯಸ್ಸಿನಲ್ಲಿ, ಫ್ರಾನ್ಸಿನ ಬೆಟ್ಟದ ಆರೋಗ್ಯಧಾಮವೊಂದರಲ್ಲಿ ಆಕೆ ಕಣ್ಮುಚ್ಚಿದಳು. ಎಲುಬಿನ ಮಜ್ಜೆಯು ರಕ್ತ ಹುಟ್ಟಿಸುವುದನ್ನೇ ನಿಲ್ಲಿಸಿತ್ತು. ಬಹುಕಾಲದ ಕಿರಣಗಳೇ ಅದಕ್ಕೆ ಕಾರಣವೆಂದು ವೈದ್ಯರು ಬಗೆದರು. ಆಕೆಯ ಟಿಪ್ಪಣಿಪುಸ್ತಕಗಳು ಇಂದಿಗೂ ಕಿರಣ ಸೂಸುತ್ತಿರುವುದರಿಂದ ಸೀಸದ ಪೆಟ್ಟಿಗೆಗಳಲ್ಲಿವೆ. ಮಗಳು ಐರೀನ್ ಮತ್ತು ಅಳಿಯ ಫ್ರೆಡರಿಕ್ 1935ರಲ್ಲಿ ನೊಬೆಲ್ ಪಡೆದುದನ್ನು ನೋಡಲು ಆಕೆ ಉಳಿಯಲಿಲ್ಲ. 1995ರಲ್ಲಿ ಫ್ರಾನ್ಸ್ ಆಕೆಯ ಮತ್ತು ಪಿಯೇರನ ಅಸ್ಥಿಗಳನ್ನು ತನ್ನ ಮಹಾಪುರುಷರ ಸಮಾಧಿಮಂದಿರವಾದ ಪಾಂಥಿಯೋನಿಗೆ ಒಯ್ದಿತು. ಸ್ವಂತ ಸಾಧನೆಗಾಗಿ ಆ ಗೌರವ ಪಡೆದ ಮೊದಲ ಮಹಿಳೆ ಆಕೆಯೇ.

ಆ ಬುಗ್ಗೆಗಳ ಗತಿಯೇನಾಯಿತು? ಎರಡನೆಯ ಮಹಾಯುದ್ಧದ ನಂತರ ಯಾಖಿಮೋವಿನ ಗಣಿಗಳಲ್ಲಿ ರಾಜಕೀಯ ಕೈದಿಗಳನ್ನು ಹಚ್ಚಿ ಯುರೇನಿಯಂ ಅಗೆಸಿದರು. ಇಂದು ಅಲ್ಲಿ ಗಣಿಗಾರಿಕೆ ನಿಂತಿದೆ, ಸ್ನಾನ ನಿಂತಿಲ್ಲ. ಸ್ವೋರ್ನೊಸ್ಟ್ ಎಂಬ ಹಳೆಯ ಗಣಿಯ ನೀರು ನಳಗಳಲ್ಲಿ ಹರಿದು ಸ್ನಾನಗೃಹಗಳಿಗೆ ಬರುತ್ತದೆ. ಗಾಸ್ಟೈನಿನಲ್ಲಿ ಹಳೆಯ ಚಿನ್ನದ ಗಣಿಯ ಸುರಂಗದೊಳಗೆ ರೋಗಿಗಳು ಮಂಚದ ಮೇಲೆ ಮಲಗಿ ಬಿಸಿಯಾದ, ರೇಡಾನ್ ತುಂಬಿದ ಗಾಳಿಯನ್ನು ಸೇವಿಸುತ್ತಾರೆ. ಜಪಾನಿನ ಮಿಸಾಸದಲ್ಲಿಯೂ ಇಂಥ ಬುಗ್ಗೆಗಳಿವೆ. ಕೀಲುವಾತ ಮತ್ತು ಬೆನ್ನೆಲುಬಿನ ಬಿಗಿತವುಳ್ಳವರಿಗೆ ಕೆಲವು ತಿಂಗಳು ನೋವು ಕಡಿಮೆಯಾಯಿತೆಂದು ಜರ್ಮನಿ, ಆಸ್ಟ್ರಿಯಗಳ ಕೆಲವು ಪರೀಕ್ಷೆಗಳು ಹೇಳುತ್ತವೆ. ಆದರೆ ಪರೀಕ್ಷೆಗೆ ಒಳಗಾದ ರೋಗಿಗಳ ಸಂಖ್ಯೆ ಚಿಕ್ಕದು. ಬಿಸಿನೀರಿನ ಗುಣ ಎಷ್ಟು, ವಿಶ್ರಾಂತಿಯ ಗುಣ ಎಷ್ಟು, ರೇಡಾನಿನ ಗುಣ ಎಷ್ಟು ಎಂದು ಬೇರ್ಪಡಿಸುವುದೂ ಸುಲಭವಲ್ಲ. ಇನ್ನೊಂದು ತಕ್ಕಡಿಯಲ್ಲಿ ಭಾರವಾದ ಸಾಕ್ಷ್ಯವಿದೆ. 1988ರಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ರೇಡಾನನ್ನು ಮನುಷ್ಯರಿಗೆ ಅರ್ಬುದ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅನೇಕ ದೇಶಗಳಲ್ಲಿ ಪುಪ್ಪುಸದ ಅರ್ಬುದಕ್ಕೆ ಧೂಮಪಾನದ ನಂತರದ ಕಾರಣ ರೇಡಾನ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯೊಳಗಿನ ಗಾಳಿಯಲ್ಲಿ ಅದು ಘನ ಮೀಟರಿಗೆ 100 ಬೆಕೆರೆಲ್ ಮೀರದಿರಲೆಂದು 2009ರಲ್ಲಿ ಸೂಚಿಸಿತು. ಅತಿಯಾದರೆ ಅಮೃತವೂ ವಿಷವೆನ್ನುತ್ತಾರೆ ನಮ್ಮ ಹಿರಿಯರು. ಇಲ್ಲಿ ಅತಿ ಎಲ್ಲಿಂದ ಆರಂಭವಾಗುತ್ತದೆಂಬುದೇ ಪ್ರಶ್ನೆ.

ಇದು ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಬಂಗಾಳದ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳಲ್ಲಿ ರೇಡಾನ್ ಇದೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿಯೂ, ನಮ್ಮ ನೆರೆಯ ಕಲಾದಗಿಯ ಹೆಸರನ್ನೇ ಹೊತ್ತ ಶಿಲಾಸ್ತರಗಳ ಸೀಮೆಯಲ್ಲಿ, ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿಯೂ ಯುರೇನಿಯಂ ಇರುವುದನ್ನು ಅಣುಖನಿಜ ಇಲಾಖೆಯವರು ಗುರುತಿಸಿದ್ದಾರೆ. ಪುತ್ತೂರಿನ ಸಮೀಪದ ಬೆಂದ್ರ್ ತೀರ್ಥದ ಬಿಸಿನೀರಿನಲ್ಲಿ ಮಿಂದರೆ ಚರ್ಮರೋಗ ಹೋಗುತ್ತದೆಂಬ ನಂಬಿಕೆ ಜನರಲ್ಲಿದೆ. ನಮ್ಮ ಊರುಗಳಲ್ಲಿಯೂ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನಾಲ್ವತ್ತು ವರ್ಷ ಕೂತವರ ಮೊಣಕಾಲುಗಳಿವೆ. ಮುಧೋಳ, ಬೀಳಗಿಯ ಹೊಲಗಳಲ್ಲಿ ಕಬ್ಬು ಕಡಿದು ಬಾಗಿದ ಬೆನ್ನುಗಳಿವೆ. ಅವರ ಬಾಗಿಲಿಗೆ ಪದಕ, ಬಳೆ, ಮಂತ್ರಿಸಿದ ನೀರು ಎಂದು ಮಾರುವವರು ಬಂದೇ ಬರುತ್ತಾರೆ. ಈಚೆಗೆ ವಿಜ್ಞಾನದ ಹೆಸರು ಹೇಳಿಯೇ ಮಾರುತ್ತಾರೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅಂಟಿಸುವ ಮಿಂಚುಪಟ್ಟಿಗೆ ನಾವೆಲ್ಲ ರೇಡಿಯಂ ಎನ್ನುತ್ತೇವೆ. ಅದರಲ್ಲಿ ರೇಡಿಯಂ ಒಂದು ಕಣವೂ ಇಲ್ಲ, ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಗುಣವಷ್ಟೇ ಇದೆ. ಈ ಹೆಸರಿನಿಂದ ಕೆಡುಕಿಲ್ಲ. ಆದರೆ ಹೆಸರೊಂದನ್ನು ಕೇಳಿಯೇ ಔಷಧವನ್ನು ನಂಬುವುದರಿಂದ ಕೆಡುಕಿದೆ. ಇಂದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ, ಹುಬ್ಬಳ್ಳಿಯ ನವನಗರದ ಅರ್ಬುದ ಆಸ್ಪತ್ರೆಯಲ್ಲಿ ನಮ್ಮ ಭಾಗದ ಬಡವರಿಗೆ ದೊರೆಯುವ ಕಿರಣಚಿಕಿತ್ಸೆ ಮಾದಾಮ್ ಕ್ಯೂರಿಯ ಕೊಟ್ಟಿಗೆಯಲ್ಲಿ ಮೊಳೆತದ್ದು. ರೇಡಿಯಂನ ಜಾಗಕ್ಕೆ ಅಲ್ಲಿ ಬೇರೆ ವಸ್ತುಗಳೂ ಯಂತ್ರಗಳೂ ಬಂದಿವೆ. ಆದರೆ ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂದು ಅಳೆದು ಕೊಡುವ ಪದ್ಧತಿ ಬದಲಾಗಿಲ್ಲ.

ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಬಹಳ ಮಂದಿ, ನನ್ನನ್ನೂ ಸೇರಿಸಿ, ತಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದ ಮೊದಲಿಗರು. ಮನೆಯಲ್ಲಿ ಯಾರಿಗಾದರೂ ಬೇನೆ ಬಂದಾಗ, ಡಾಕ್ಟರ ಚೀಟಿಯನ್ನೂ ಶೀಸೆಯ ಮೇಲಿನ ಬರಹವನ್ನೂ ಓದಿ ಹೇಳುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ. ಓದಿದವರು ಹೇಳಿದ್ದು ನಿಜವೆಂದು ಹಿರಿಯರು ನಂಬುತ್ತಾರೆ. ಆ ನಂಬಿಕೆಗೆ ತಕ್ಕವರಾಗಲು ನಾವು ದೊಡ್ಡ ವಿಜ್ಞಾನಿಗಳಾಗಬೇಕಾಗಿಲ್ಲ. ಅಳೆದು ನೋಡದೆ ಯಾವುದನ್ನೂ ಹೇಳದಿರುವ ಆಕೆಯ ಅಭ್ಯಾಸವನ್ನು ಕಲಿತರೆ ಸಾಕು. ಆಕೆ ತನ್ನ ದೇಹದ ವಿಷಯದಲ್ಲಿ ಮಾತ್ರ ಆ ಅಳತೆಯನ್ನು ಮರೆತಳು. ಆ ಮರೆವಿಗೆ ಬೆಲೆಯನ್ನೂ ತೆತ್ತಳು. ಆಕೆಯ ಗೆಲುವಿನಿಂದ ಕಲಿಯುವಷ್ಟನ್ನೇ ಈ ಮರೆವಿನಿಂದಲೂ ನಾವು ಕಲಿಯಬಹುದು.